ನಾನು ಬೋರ್ಡೋ ಹೊಡೆದದ್ದು

ಆಹ್ವಾನ ಪತ್ರಿಕೆಯ ಕೊನೆಯಲ್ಲಿ ‘ಉಡುಪು: ಫಾರ್ಮಲ್’ ಎಂದಿತ್ತು. ನನ್ನ ಬೀರುವಿನಲ್ಲಿ ಆ ಮಾತಿಗೆ ಹತ್ತಿರ ಬರುವಂಥದ್ದು ತಂಗಿಯ ಮಗಳ ಮದುವೆಗೆಂದು ಹೊಲಿಸಿದ ಬಿಳಿ ಜುಬ್ಬ ಒಂದೇ. ಅದನ್ನೇ ಇಸ್ತ್ರಿ ಮಾಡಿಸಿದೆ. ಆ ಬಿಳಿ ಬಣ್ಣವೇ ಮುಂದೆ ನನ್ನ ಮರ್ಯಾದೆ ಕಳೆಯುತ್ತದೆಂದು ಆಗ ಗೊತ್ತಿರಲಿಲ್ಲ.

ನಂದಿಬೆಟ್ಟದ ತಪ್ಪಲಿನಲ್ಲಿ ಹೊಸದಾಗಿ ಶುರುವಾಗುತ್ತಿದ್ದ ವೈನರಿಯೊಂದರ ಉದ್ಘಾಟನೆಯ ಊಟ ಅದು. ಬೆಳೆಗಾರರಿಗೆ ಹಂಚಲು ಅವರು ಮಾಡಿಸಿದ್ದ ಕಿರುಪುಸ್ತಕವನ್ನು ನಾನು ಕನ್ನಡಕ್ಕೆ ತಂದುಕೊಟ್ಟಿದ್ದೆ. ಆ ಋಣಕ್ಕೆ ನನ್ನನ್ನೂ ಕರೆದಿದ್ದರು. ಸುದ್ದಿ ಕೇಳಿದ ಗೆಳೆಯನೊಬ್ಬ, ‘ಜನ್ಮದಲ್ಲಿ ಒಂದು ಗುಟುಕು ಇಳಿಸದವನು ವೈನ್ ರುಚಿ ನೋಡೋದು ಅಂದ್ರೆ, ಈಜು ಬಾರದವನು ಜಲಾಶಯ ಉದ್ಘಾಟನೆ ಮಾಡಿದ ಹಾಗೆ’ ಎಂದ.

ಅವನ ಮಾತು ಪೂರ್ತಿ ನಿಜವಲ್ಲ. ಸಾಗರದ ಕಡೆಯ ನಮ್ಮ ಮನೆಯಲ್ಲಿ ಹೆಂಡದ ಹೆಸರೆತ್ತಿದರೆ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆದರೆ ಅವಳ ಔಷಧಿ ಗೂಡಿನಲ್ಲಿ ಕಂದು ಬಣ್ಣದ ಸೀಸೆಯೊಂದು ಸದಾ ಇರುತ್ತಿತ್ತು. ದ್ರಾಕ್ಷಾರಿಷ್ಟ. ಊಟವಾದ ಮೇಲೆ ಎರಡು ಚಮಚ, ಸಮಪ್ರಮಾಣ ನೀರು ಬೆರೆಸಿ. ಮಕ್ಕಳು ಸೊರಗಿದರೆ ನಮಗೂ ಒಂದು ಚಮಚ. ಲೇಬಲ್ಲಿನ ಮೂಲೆಯಲ್ಲಿ ‘ಸ್ವಯಂಜನ್ಯ ಆಲ್ಕೋಹಾಲ್’ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತದೆಂದು ತಿಳಿದದ್ದು ಕನ್ನಡಕ ಬಂದ ಮೇಲೆ. ತಾನಾಗಿಯೇ ಹುಟ್ಟಿದ್ದಾದ್ದರಿಂದ ಅದಕ್ಕೆ ಯಾರೂ ಹೊಣೆಯಲ್ಲ ಎಂಬ ಧಾಟಿ. ಅಂತೂ ಹುದುಗಿದ ದ್ರಾಕ್ಷಿ ನನ್ನ ಹೊಟ್ಟೆಗೆ ಹೊಸದಲ್ಲ. ಸೀಸೆಯ ಬದಲು ಗಾಜಿನ ಲೋಟದಲ್ಲಿ ಬರುವುದಷ್ಟೇ ಹೊಸತು.

ಫೆಬ್ರುವರಿಯ ಸಂಜೆ. ಸಾಲುಸಾಲು ದ್ರಾಕ್ಷಿ ಬಳ್ಳಿಗಳ ಆಚೆ ನಂದಿಬೆಟ್ಟ ಹೆಸರಿಗೆ ತಕ್ಕಂತೆ ಮಲಗಿದ ಬಸವನ ಹಾಗೆ ಕಪ್ಪಗೆ ಕಾಣುತ್ತಿತ್ತು. ಈ ಸೀಮೆಗೆ ದ್ರಾಕ್ಷಿ ಹೊಸದಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ‘ಬೆಂಗಳೂರು ಬ್ಲೂ’ ತಿನ್ನದವರು ಯಾರು? ಚಪ್ಪರದಿಂದ ಜೋತಾಡುವ, ಬಾಯಿಗಿಟ್ಟರೆ ಸಿಪ್ಪೆಯಿಂದ ಜಾರಿ ತಿರುಳು ನಾಲಿಗೆಗೆ ಬೀಳುವ, ಘಮ್ಮೆನ್ನುವ ಆ ಕಡುನೀಲಿ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಫ್ರೆಂಚ್ ತಳಿಗಳು ಬಂದದ್ದು ಆಮೇಲೆ, 1980ರ ದಶಕದಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಕೆಂಪು ಮಣ್ಣನ್ನು ಆರಿಸಿಕೊಂಡಾಗ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ಈ ದಾರಿಯ ಪಕ್ಕದ ಬೋರ್ಡುಗಳು ಹೆಚ್ಚಾದವು.

ಮೇಜಿನ ಮುಂದೆ ಕೂತಾಗ ಎದೆ ಡವಡವ ಎಂದಿತು. ಒಬ್ಬೊಬ್ಬರಿಗೆ ಐದೈದು ಗಾಜಿನ ಲೋಟ, ಮೂರು ಫೋರ್ಕು, ಎರಡು ಚಾಕು. ನಮ್ಮಲ್ಲಿ ಉಪನಯನಕ್ಕೂ ಒಬ್ಬ ವಟುವಿನ ಮುಂದೆ ಇಷ್ಟು ಪಾತ್ರೆ ಇಡುವುದಿಲ್ಲ. ಆದರೆ ನನ್ನ ಕಣ್ಣು ನೆಟ್ಟದ್ದು ನಡುವೆ ಫಳಫಳ ಹೊಳೆಯುತ್ತಿದ್ದ, ಬಾಯಿ ಅಗಲಿಸಿಕೊಂಡ ಬೆಳ್ಳಿ ಬಣ್ಣದ ಪಾತ್ರೆಯ ಮೇಲೆ. ಇದೇನೆಂದು ಕೇಳಿದೆ. ರುಚಿ ನೋಡಿದ ವೈನನ್ನು ನುಂಗದೆ ಉಗಿಯಬೇಕಾದರೆ ಇದಕ್ಕೇ ಉಗಿಯಬೇಕು ಎಂದರು.

ಅಂದರೆ ಪೀಕದಾನಿ!

ನನ್ನ ಅಜ್ಜನದೊಂದು ಹಿತ್ತಾಳೆಯ ಪೀಕದಾನಿ ಇತ್ತು. ನಾವು ಮೊಮ್ಮಕ್ಕಳು ಓದಿ ‘ಸುಧಾರಿಸಿದ’ ಮೇಲೆ ಅದನ್ನು ಮೊದಲು ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಟ್ಟಕ್ಕೆ ದೂಡಿದೆವು. ಪಟ್ಟಣದ ನೆಂಟರು ಬಂದಾಗ ಅಜ್ಜ ಎಲೆಯಡಿಕೆಯ ಕೆಂಪು ರಸವನ್ನು ಬಾಯಲ್ಲೇ ಹಿಡಿದುಕೊಂಡು, ಮಾತಾಡಲಾರದೆ, ಮುಖ ಮೇಲೆತ್ತಿ ‘ಊಂ, ಊಂ’ ಎನ್ನುತ್ತಿದ್ದ. ಆ ಅಜ್ಜ ಈಗ ಇದ್ದಿದ್ದರೆ! ಟೈ ಕಟ್ಟಿದವರ ಊಟದ ಮೇಜಿನ ನಟ್ಟನಡುವೆ, ಹೂದಾನಿಯ ಪಕ್ಕ, ಅವನ ಪೀಕದಾನಿ ಪಟ್ಟಕ್ಕೆ ಕೂತಿತ್ತು.

ನನ್ನ ಎಡಕ್ಕೆ ಬಹಳ ದೇಶ ಸುತ್ತಿ, ಬಹಳ ಲೋಟ ಎತ್ತಿದ ಹಿರಿಯರೊಬ್ಬರು. ಬಲಕ್ಕೆ ವೈನರಿಗೆ ದ್ರಾಕ್ಷಿ ಬೆಳೆದುಕೊಡುವ ಅಲ್ಲಿಯದೇ ರೈತರು. ಅವರದೂ ಬಿಳಿ ಅಂಗಿ. ನಮ್ಮಿಬ್ಬರನ್ನೂ ಒಂದೇ ಮೂಲೆಗೆ ಹಾಕಿದವರಿಗೆ ನಮ್ಮ ಯೋಗ್ಯತೆ ಚೆನ್ನಾಗಿ ಗೊತ್ತಿತ್ತು. ವೈನ್ ಮಾಡುವ ತರುಣ ವಿಜಯಪುರದ ಹುಡುಗ. ಫ್ರಾನ್ಸಿನಲ್ಲಿ ಕಲಿತು ಬಂದಿದ್ದ. ವೇದಿಕೆಯ ಮೇಲೆ ಇಂಗ್ಲಿಷು, ನಮ್ಮ ಮೇಜಿಗೆ ಬಂದಾಗ ಗಂಡುಮೆಟ್ಟಿನ ಕನ್ನಡ. ‘ನೋಡ್ರಿ ಸರ್, ಅಲ್ಲಿ ಥಂಡಿ ಬಿದ್ದರ ಬಳ್ಳಿ ಎಲಿ ಉದುರಿಸಿ ಮಲಗ್ತದ. ನಮ್ಮ ಕಡೆ ಬಳ್ಳಿಗಿ ನಿದ್ದೀನ ಇಲ್ಲ. ಅದಕ್ಕ ಎರಡ್ ಸಲ ಚಾಟನಿ ಮಾಡ್ಬೇಕು. ಏಪ್ರಿಲ್‌ದಾಗ ಒಂದು, ಸೆಪ್ಟೆಂಬರ್-ಅಕ್ಟೋಬರ್‌ದಾಗ ಒಂದು. ಎರಡ್ ಸಲ ಕತ್ತರಿ, ಒಂದ ಸಲ ಬೆಳಿ.’ ನಿದ್ದೆಯಿಲ್ಲದೆ ದುಡಿಯುವ ಬಳ್ಳಿಯ ಬಗ್ಗೆ ಕೇಳಿ ಬೆಂಗಳೂರಿನವನಾದ ನನಗೆ ಸಹಾನುಭೂತಿ ಹುಟ್ಟಿತು.

ಮೊದಲು ಬಂದದ್ದು ಬಿಳಿ ವೈನ್, ಸಾವಿನ್ಯೋನ್ ಬ್ಲಾಂ. ಬಿಳಿಯೆಂದರೆ ಬಿಳಿಯಲ್ಲ, ಎಳೆ ಹುಲ್ಲನ್ನು ತೊಳೆದ ನೀರಿನ ಬಣ್ಣ. ಲೋಟದ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿಯಬಾರದು, ಕೈಯ ಬಿಸಿ ತಾಗುತ್ತದೆ. ನೋಡಬೇಕು, ತಿರುಗಿಸಬೇಕು, ಮೂಸಬೇಕು, ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ ಗಾಳಿ ಎಳೆದುಕೊಳ್ಳಬೇಕು. ಸುರ್ರೆಂಬ ಸದ್ದು ಬಂದರೂ ತಪ್ಪಿಲ್ಲ. ಊಟದ ಎಲೆಯ ಮುಂದೆ ಸೊರ್ ಎಂದು ಸಾರು ಸುರಿದುಕೊಂಡದ್ದಕ್ಕೆ ನಾನು ತಿಂದ ಬೈಗುಳವೆಲ್ಲ ಆ ಕ್ಷಣ ಮನ್ನಾ ಆಯಿತು.

‘ಗೂಸ್‌ಬೆರಿ’ ಎಂದರು ಎಡಗಡೆಯವರು, ಕಣ್ಣು ಮುಚ್ಚಿ.

ಗೂಸ್‌ಬೆರಿ ಎಂದರೆ ನೆಲ್ಲಿಕಾಯಿ ಎಂದು ಶಾಲೆಯಲ್ಲಿ ಉರು ಹೊಡೆದವನು ನಾನು. ಮೂಗನ್ನು ಲೋಟದೊಳಗೆ ಇಳಿಸಿ ನೆಲ್ಲಿಕಾಯಿಗಾಗಿ ಹುಡುಕಿದೆ. ಬೆಟ್ಟದ ನೆಲ್ಲಿ ಇಲ್ಲ, ಕಿರುನೆಲ್ಲಿ ಇಲ್ಲ. ಮರ್ಯಾದೆಗೆ ‘ಹೌದು, ಹೌದು’ ಎಂದೆ. ಯುರೋಪಿನ ಗೂಸ್‌ಬೆರಿಗೂ ನಮ್ಮ ನೆಲ್ಲಿಗೂ ಯಾವ ಸಂಬಂಧವೂ ಇಲ್ಲ, ಅದು ಬೇರೆಯದೇ ಮುಳ್ಳುಪೊದೆಯ ಹಣ್ಣು ಎಂದು ಆಮೇಲೆ ತಿಳಿಯಿತು. ನಿಘಂಟು ಬರೆದವರು ಎಂದೋ ಹಾಕಿದ ಗಂಟಿಗೆ ನಾನು ಆ ರಾತ್ರಿ ಮೂಗು ಒಡ್ಡಿದ್ದೆ.

ಬಲಗಡೆಯ ರೈತರು ಲೋಟ ಮುಟ್ಟಿರಲಿಲ್ಲ. ಮೆಲ್ಲಗೆ, ‘ನಿಮ್ಗೆ ಏನಾದ್ರೂ ಗೊತ್ತಾಯ್ತಾ ಸಾರ್?’ ಎಂದು ಕೇಳಿದರು.

‘ಸತ್ಯ ಹೇಳಲಾ? ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಾಗೆ ಬರ್ತಾ ಇದೆ.’

ವೈನಿನ ಹುಡುಗ ಹಿಂದೆಯೇ ನಿಂತಿದ್ದ. ‘ಸರ್, ಅದ ಕರೆಕ್ಟ್! ದೊಣ್ಣಿಮೆಣಸಿನಕಾಯಿ ವಾಸನಿ ಯಾವುದರಿಂದ ಬರ್ತದೋ ಅದೇ ಜಾತಿ ಅಂಶ ಇದರಾಗೂ ಅದ’ ಎಂದ. ಒಮ್ಮೆಲೇ ನನ್ನ ಬೆನ್ನು ನೆಟ್ಟಗಾಯಿತು. ಎಡಗಡೆಯವರು ನನ್ನನ್ನು ಮೊದಲ ಸಲ ನೋಡಿದರು.

ಮುಂದಿನದು ಕೆಂಪು, ಶಿರಾಜ್. ಅದನ್ನು ಮೂಸುವಾಗ ನಾನು ಹುಡುಕಲೇ ಇಲ್ಲ. ಅದೇ ಬಂದು ನನ್ನನ್ನು ಹಿಡಿಯಿತು. ಕಾಳುಮೆಣಸು. ಡಬ್ಬದಲ್ಲಿಟ್ಟ ಪುಡಿಯಲ್ಲ, ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು, ಅಂಗಳದ ಚಾಪೆಯ ಮೇಲೆ ಒಣಗಲು ಹರವಿದ್ದನ್ನು ಸಂಜೆ ರಾಶಿ ಮಾಡುವಾಗ ಏಳುವ ಬಿಸಿ ಘಾಟು. ಇದೂ ಕಲ್ಪನೆಯಲ್ಲವಂತೆ. ಶಿರಾಜಿನ ಈ ವಾಸನೆಗೆ ಕಾರಣ ರೊಟಂಡೋನ್ ಎಂಬ ವಸ್ತು, ಕಾಳುಮೆಣಸಿನ ಪರಿಮಳಕ್ಕೂ ಅದೇ ಕಾರಣ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಕಂಡುಹಿಡಿದರು. ಹಾಗೆಂದು ಎಲ್ಲವೂ ಸಿಕ್ಕಿತೆಂದಲ್ಲ. ‘ಚರ್ಮ, ತಂಬಾಕಿನ ಪೆಟ್ಟಿಗೆ, ಕಾಡಿನ ನೆಲ’ ಎಂದು ಎಡಗಡೆಯವರು ಪಟ್ಟಿ ಬೆಳೆಸಿದಾಗ ನನಗೆ ತೋಟದ ನೆಲವೊಂದನ್ನು ಬಿಟ್ಟು ಮಿಕ್ಕಿದ್ದು ದಕ್ಕಲಿಲ್ಲ.

ಅವರ ಆತ್ಮವಿಶ್ವಾಸಕ್ಕೆ ಕೈಮುಗಿಯುತ್ತಲೇ, ಆಮೇಲೆ ಓದಿದ ಪ್ರಸಂಗವೊಂದನ್ನು ನೆನೆಯುತ್ತೇನೆ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರಂತೆ. ಅವರು ಅದನ್ನು ಬಣ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ! 2001ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಸೋತದ್ದು ನಾಲಿಗೆಯಲ್ಲ, ಕಣ್ಣನ್ನು ನಂಬಿದ ಮಾತು. ಮೂಗು ಏನು ಕಂಡಿತೆಂದು ಕೇಳುವ ಮೊದಲೇ ಬಾಯಿ ಕಲಿತ ಪಾಠ ಒಪ್ಪಿಸಿಬಿಡುತ್ತದೆ. ನನ್ನ ಗೂಸ್‌ಬೆರಿಯ ‘ಹೌದು, ಹೌದು’ ಕೂಡ ಅದೇ ಜಾತಿಯದು.

ಕೊನೆಗೆ ಬಂತು ಆ ರಾತ್ರಿಯ ರಾಜ. ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕೂತು ಬಂದ ಕ್ಯಾಬರ್ನೆ. ದೀಪ ಸ್ವಲ್ಪ ಕಿರಿದು ಮಾಡಿದರು. ನಿರೂಪಕಿ ದನಿ ತಗ್ಗಿಸಿ, ‘ಇದು ಬೋರ್ಡೋ ಶೈಲಿಯದು’ ಎಂದಳು. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು.

ನನಗೆ ನಗು ಉಕ್ಕಿತು. ಬೋರ್ಡೋ! ಮಲೆನಾಡಿನಲ್ಲಿ ಹುಟ್ಟಿದವನಿಗೆ ಆ ಹೆಸರು ಹೇಳಿಕೊಡಬೇಕೆ? ಬೋರ್ಡೋ ಎಂದರೆ ಊರಲ್ಲ, ವೈನಲ್ಲ. ಮುಂಗಾರಿಗೆ ಮುಂಚೆ ಅಡಿಕೆ ಗೊನೆಗೆ ಹೊಡೆಯುವ ಔಷಧಿ.

ಮೇ ತಿಂಗಳ ಕೊನೆ. ತೋಟದ ತಲೆಗಟ್ಟಿನಲ್ಲಿ ಎರಡು ಡ್ರಮ್ಮು. ಒಂದರಲ್ಲಿ ರಾತ್ರಿಯೇ ನೆನೆಹಾಕಿದ ಮೈಲುತುತ್ತ, ಇನ್ನೊಂದರಲ್ಲಿ ಕುದಿದು ಆರಿದ ಸುಣ್ಣದ ತಿಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಅದು, ಒಂದು ಕಿಲೋ ಇದು. ಮೈಲುತುತ್ತವನ್ನು ಸುಣ್ಣಕ್ಕೆ ಹೊಯ್ಯಬೇಕು, ಸುಣ್ಣವನ್ನು ಮೈಲುತುತ್ತಕ್ಕಲ್ಲ. ತಿರುವುಮುರುವಾದರೆ ಅಪ್ಪ ಬೆತ್ತ ಹುಡುಕುತ್ತಿದ್ದ. ಕೋಲಿನಿಂದ ತಿರುಗಿಸುತ್ತ ಹೋದಂತೆ ಡ್ರಮ್ಮಿನೊಳಗೆ ಆಕಾಶ ಇಳಿಯುತ್ತಿತ್ತು. ಆಗ ಅಪ್ಪ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಮೇಲೆತ್ತಿ ಬಿಸಿಲಿಗೆ ಓರೆ ಮಾಡುತ್ತಿದ್ದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಅಲಗು ಹೊಳೆದರೆ ಹದ. ಒಂದು ಕಣ್ಣು ಕಿರಿದು ಮಾಡಿ ಅವನು ಕತ್ತಿ ನೋಡುತ್ತಿದ್ದ ಭಂಗಿಯಲ್ಲೇ ನನ್ನ ಎದುರು ಅಷ್ಟೂ ಜನ ಲೋಟವನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು. ಕೊನೆಗೌಡ ಮರ ಹತ್ತಿ ಗೊನೆ ತೋಯುವಂತೆ ಔಷಧಿ ಹೊಡೆದು ಇಳಿಯುವಾಗ ಅವನ ಮೈಯೆಲ್ಲ ನೀಲಿ, ಥೇಟ್ ಯಕ್ಷಗಾನದ ಕೃಷ್ಣ.

ಈ ಔಷಧಿ ಹುಟ್ಟಿದ ಕಥೆಯೂ ಒಂದು ಪ್ರಹಸನ. ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ನೀಲಿ ಕಂಡು ವಿಷವೆಂದು ಹೆದರಲಿ ಎಂದು. ಅಮೆರಿಕದಿಂದ ಬಂದ ಬೂಜುರೋಗ ತೋಟಗಳನ್ನು ತಿನ್ನುತ್ತಿದ್ದ ಕಾಲ. ಒಳಗಿನ ಬಳ್ಳಿಗಳ ಎಲೆ ಉದುರಿದ್ದವು, ದಾರಿಬದಿಯವು ಮಾತ್ರ ಹಸಿರಾಗಿದ್ದವು. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಇದು ಬಿತ್ತು. 1885ರಲ್ಲಿ ಆತ ಮದ್ದನ್ನು ಲೋಕಕ್ಕೆ ಸಾರಿದ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಜಾಡು ಹಿಡಿದು, ಅದಕ್ಕೂ ಇದೇ ಮದ್ದೆಂದು ತೋರಿಸಿಕೊಟ್ಟರು. ದ್ರಾಕ್ಷಿಯ ಆ ಬೂಜೂ ಅಡಿಕೆಯ ಈ ಕೊಳೆಯೂ ದೂರದ ದಾಯಾದಿಗಳಂತೆ. ಅದಕ್ಕೂ ಮುಂಚೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ನೋಡಿಕೊಳ್ಳುವುದೊಂದೇ ನಮ್ಮವರಿಗೆ ಗೊತ್ತಿದ್ದ ದಾರಿ. ಅಂತೂ ಕಳ್ಳರನ್ನು ಹೆದರಿಸಲು ಹುಟ್ಟಿದ ನೀಲಿ, ಸಮುದ್ರ ದಾಟಿ ನಮ್ಮ ತೋಟ ಕಾಯಲು ಬಂತು. ಬೋರ್ಡೋದವರು ತಮ್ಮ ಕೆಂಪನ್ನು ಶ್ರೀಮಂತರಿಗೆ ಕಳಿಸಿದರು, ನೀಲಿಯನ್ನು ನಮಗೆ. ನಮಗೆ ಬೇಕಾಗಿದ್ದದ್ದೂ ಅದೇ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಮಳೆ ಬಿಡಲೇ ಇಲ್ಲ. ಎರಡನೇ ಬೋರ್ಡೋ ಹೊಡೆಯಲು ಅರ್ಧ ದಿನದ ಬಿಸಿಲೂ ಸಿಗಲಿಲ್ಲ. ಒಂದು ಬೆಳಿಗ್ಗೆ ತೋಟಕ್ಕೆ ಇಳಿದರೆ ಕಾಲಿಟ್ಟಲ್ಲೆಲ್ಲ ಹಸಿರು ಕಾಯಿ, ತೊಟ್ಟಿನ ಬಳಿ ಬಿಳಿ ಬೂಜು. ಅಮ್ಮ ಕಂಬಳಿಕೊಪ್ಪೆ ಹಾಕಿಕೊಂಡು ಕೊಳೆಯಡಿಕೆ ಹೆಕ್ಕುತ್ತಿದ್ದಳು. ಅಪ್ಪ ತಲೆಗಟ್ಟಿನ ಮೇಲೆ ಸುಮ್ಮನೆ ನಿಂತಿದ್ದ. ಅವನ ಬೆನ್ನ ಹಿಂದೆ ಕಲಸದೇ ಉಳಿದ ಮೈಲುತುತ್ತದ ಡ್ರಮ್ಮು ಕಡುನೀಲಿಯಾಗಿ ಮಳೆಹನಿ ತಿನ್ನುತ್ತಿತ್ತು.

‘ಸಾರ್, ಆರಾಮಾಗಿದೀರಾ?’ ಬಲಗಡೆಯವರು ಮೊಣಕೈ ಮುಟ್ಟಿದರು. ಎಲ್ಲರೂ ಆಗಲೇ ಗುಟುಕು ತೆಗೆದುಕೊಂಡಿದ್ದರು. ನಾನೂ ಬಾಯಿಗಿಟ್ಟೆ.

ಮೊದಲು ಹಣ್ಣು, ಹಿಂದೆಯೇ ಹೊಗೆಯಂಥದ್ದೇನೋ. ಆಮೇಲೆ ಕೆನ್ನೆಯ ಒಳಗೋಡೆಯನ್ನು ಯಾರೋ ಒಳಗಿನಿಂದ ಹಿಡಿದೆಳೆದಂತಾಯಿತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ವೇದಿಕೆಯ ಮೇಲೆ ಅದನ್ನು ವಿವರಿಸುವ ಪ್ರಯಾಸ ನಡೆದಿತ್ತು. ‘ಇದು ರುಚಿಯಲ್ಲ, ಸ್ಪರ್ಶ. ಟ್ಯಾನಿನ್ ಎನ್ನುತ್ತೇವೆ. ಸಿಪ್ಪೆ, ಬೀಜ, ಓಕ್ ಮರದಿಂದ ಬರುತ್ತದೆ. ಎಂಜಲಿನ ಪ್ರೋಟೀನುಗಳನ್ನು ಹಿಡಿದು ಬಾಯಿ ಒಣಗಿಸುತ್ತದೆ. ಗಟ್ಟಿ ಚಹಾ ನೆನಪಿಸಿಕೊಳ್ಳಿ, ವೆಲ್ವೆಟ್ ಬಟ್ಟೆಯನ್ನು ಎದುರು ದಿಕ್ಕಿಗೆ ಸವರಿದಂತೆ ಕಲ್ಪಿಸಿಕೊಳ್ಳಿ...’

ನಾನೂ ಬಲಗಡೆಯವರೂ ಮುಖ ನೋಡಿಕೊಂಡೆವು. ‘ಒಗರು’ ಎಂದೆ.

‘ಒಗರೇ!’ ಎಂದರು ಅವರು. ಆ ರಾತ್ರಿ ಅವರು ಲೋಟ ಎತ್ತಿದ್ದು ಅದೊಂದೇ ಸಲ, ಅದೂ ಅರ್ಧ ಗುಟುಕು. ‘ಈ ಹಣ್ಣು ತಿನ್ನಕ್ ಬರಲ್ಲ ಸಾರ್. ಇಷ್ಟಿಷ್ಟೇ ಗಾತ್ರ, ದಪ್ಪ ಸಿಪ್ಪೆ, ಬರೀ ಬೀಜ. ನಮ್ ಬ್ಲೂ ಮುಂದೆ ನಿಲ್ಲಲ್ಲ ಅಂತ ನಾನು ಬೈತಿದ್ದೆ. ಈ ಒಗರಿಗೇ ದುಡ್ಡು ಅಂತ ಈಗ್ಲೇ ಗೊತ್ತಾಗಿದ್ದು.’

ಆರು ರಸಗಳಲ್ಲಿ ಒಂದನ್ನು ಹಸಿ ಬಾಳೆಕಾಯಿ, ಅಳಲೆಕಾಯಿ, ಎಳೆ ಅಡಿಕೆ ಕಚ್ಚಿ ಕಲಿತವರು ನಾವು. ಎಳೆ ಅಡಿಕೆ ಬೇಯಿಸಿದ ನೀರು ಹಂಡೆಯಲ್ಲಿ ಮತ್ತೆಮತ್ತೆ ಕುದಿದು ಕಪ್ಪುಗೆಂಪಾಗಿ ಮಂದವಾದಾಗ ಅದಕ್ಕೆ ಚೊಗರು ಎನ್ನುತ್ತೇವೆ. ಕೆಂಪಡಿಕೆಗೆ ಬಣ್ಣ ಕೊಡುವುದು ಅದೇ. ಅದೂ ಟ್ಯಾನಿನ್ನೇ. ಲೋಟವನ್ನು ದೀಪಕ್ಕೆ ಹಿಡಿದೆ. ನಮ್ಮ ಹಂಡೆಯ ಅಂಚಿನ ಬಣ್ಣವೇ ಅದರ ಅಂಚಿನಲ್ಲೂ ಇತ್ತು. ಮಂಡಿಯಲ್ಲಿ ಅಡಿಕೆಯನ್ನು ಕತ್ತರಿಸಿ, ಕಚ್ಚಿ, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಎನ್ನುವ ಸಾಹುಕಾರ. ಮಾವಿನ ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಇದು ಜೀರಿಗೆ ಮಿಡಿ, ಇದು ಅಪ್ಪೆ ಎನ್ನುವ ನನ್ನಮ್ಮ: ಇವರಿಗೆಲ್ಲ ಯಾರೂ ದೀಪ ಕಿರಿದು ಮಾಡಲಿಲ್ಲ. ಆದರೆ ಇವರು ಸುಳ್ಳು ಹೇಳಿದ್ದೂ ಇಲ್ಲ. ತಪ್ಪಿದರೆ ವರ್ಷದ ಉಪ್ಪಿನಕಾಯಿ ಕೆಡುತ್ತಿತ್ತು, ವರ್ಷದ ಲೆಕ್ಕ ಮುಳುಗುತ್ತಿತ್ತು. ರುಚಿಯ ಮಾತು ಗಟ್ಟಿಯಾಗುವುದು ತಪ್ಪಿದರೆ ನಷ್ಟವಾಗುವ ಕಡೆಯಲ್ಲಿ. ಹಾಗೆ ನೋಡಿದರೆ ಆ ಸಭೆಯಲ್ಲಿ ಆ ಭಾಷೆ ಬಲ್ಲವರು ವಿಜಯಪುರದ ಹುಡುಗ ಮತ್ತು ನನ್ನ ಬಲಗಡೆಯವರು. ಮಿಕ್ಕ ನಾವು ಅತಿಥಿಗಳು.

ಈ ಘನವಾದ ವಿಚಾರ ಹೊಳೆದ ಉತ್ಸಾಹದಲ್ಲಿ ನಾನೂ ಬಲ್ಲವನಂತೆ ಲೋಟವನ್ನು ಒಮ್ಮೆ ಗಿರ್ರನೆ ತಿರುಗಿಸಿದೆ. ಉಳಿದ ಬೋರ್ಡೋ ಎದೆಯ ಮೇಲೆ ಬಂತು. ಬಿಳಿ ಜುಬ್ಬದ ಮೇಲೆ ಹೆಗಲಿನಿಂದ ಹೊಟ್ಟೆಯವರೆಗೆ ಕೆಂಪು ಜನಿವಾರ. ಎಡಗಡೆಯವರು ತಮ್ಮ ಕರವಸ್ತ್ರ ಕೊಟ್ಟರು. ಅಷ್ಟು ಹೊತ್ತು ಮನಸ್ಸಿನಲ್ಲೇ ಅವರನ್ನು ಗೇಲಿ ಮಾಡಿದ್ದಕ್ಕೆ ನಾಚಿಕೆಯಾಯಿತು. ಯಾರೋ ಉಪ್ಪು ತಂದರು, ಯಾರೋ ಸೋಡಾ ಎಂದರು. ನಾನು ಪೀಕದಾನಿಯ ಕಡೆ ನೋಡಿದೆ. ಅಜ್ಜನ ಕಾಲದಿಂದ ಅದು ಇಂಥದ್ದೆಷ್ಟು ಕಂಡಿಲ್ಲ!

ಮನೆ ಮುಟ್ಟಿದಾಗ ಹನ್ನೊಂದೂವರೆ. ಅಮ್ಮ ಎದ್ದೇ ಇದ್ದಳು. ‘ದ್ರಾಕ್ಷಿ ಕಂಪನಿಯವರ ಊಟ’ ಎಂದಷ್ಟೇ ಹೇಳಿ ಹೋಗಿದ್ದೆ. ಜುಬ್ಬವನ್ನು ಮಡಚಿ ಬಕೆಟ್ಟಿಗೆ ತುರುಕುವ ಮೊದಲೇ ಅವಳ ಕೈಗೆ ಸಿಕ್ಕಿತು.

‘ಎಂತದು ಮಾರಾಯ ಇದು, ಚೊಗರು?’

‘ದ್ರಾಕ್ಷಿಯ ಚೊಗರು ಅಮ್ಮ.’

ಕಲೆಯನ್ನು ಮೂಗಿನ ಹತ್ತಿರ ತಂದಳು. ಮಿಡಿಯ ಸೊನೆ ಮೂಸುವಾಗಿನ ಅದೇ ಮುಖ, ಅದೇ ಅರೆಗಣ್ಣು. ನಾನು ಉಸಿರು ಬಿಗಿಹಿಡಿದೆ. ಅಜ್ಜಿಯ ಕಂದು ಸೀಸೆ ಅವಳಿಗೆ ನೆನಪಾಯಿತೋ ಏನೋ, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

‘ದ್ರಾಕ್ಷಿಗೂ ಬೋರ್ಡೋ ಹೊಡೀತಾರಾ?’

‘ಮೊದಲು ಹೊಡೆದದ್ದೇ ದ್ರಾಕ್ಷಿಗೆ.’

‘ಹಾಗಾದ್ರೆ ಅವರಿಗೂ ಮೋಡ ಕಟ್ಟಿದ್ರೆ ನಿದ್ದೆ ಬರೂದಿಲ್ಲ’ ಎನ್ನುತ್ತ ಅಮ್ಮ ಜುಬ್ಬ ಹಿಡಿದು, ನಿಂಬೆಹಣ್ಣು ಹುಡುಕಲು ಅಡುಗೆಮನೆಗೆ ಹೋದಳು.